ಬದಲಿ ಕಳಿಸಿದವನು

ಐವರ್ ಟ್ರಾಂಟರ್ ತೀರಿಕೊಂಡ. ಅಕ್ಟೋಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಇಂಗ್ಲೆಂಡಿನ ಡಡ್ಲಿ ಊರಿನ ಹಳೆಯ ಸಭಾಂಗಣದಲ್ಲಿ, ವೇದಿಕೆಯ ಮೇಲೆ. ಹೃದಯ ನಿಂತಿತು ಎಂದು ವೈದ್ಯರು ಬರೆದುಕೊಟ್ಟರು. ಎಪ್ಪತ್ತೈದು ವರ್ಷ. ಅಂದು ಸಂಜೆ ಅಲ್ಲಿ ನೇಲರ್ಸ್ ರೋ ಸಂಗೀತ ತಂಡದ ಕಾರ್ಯಕ್ರಮವಿತ್ತು. ಅವನು ಬೇಸ್, ಎಂದರೆ ಮಂದ್ರ ಸ್ವರದ ಗಿಟಾರ್, ನುಡಿಸಬೇಕಿತ್ತು.

ಊರಿನ ಪತ್ರಿಕೆ ಅವನ ಬಗ್ಗೆ ಎರಡು ಸಾಲು ಬರೆಯಿತು. ತಂಡವನ್ನು ಕಟ್ಟಿದವರಲ್ಲಿ ಒಬ್ಬ ಎಂಬುದು ಮೊದಲನೆಯದು. ಪ್ರಸಿದ್ಧ ಬೇಸ್ ವಾದಕ ಡೆಸ್ ಬ್ಲೂಮರ್‌ನನ್ನು ತಂಡಕ್ಕೆ ಕೊಟ್ಟವನು ಎಂಬುದು ಎರಡನೆಯದು. ಬದುಕಿದ್ದರೆ ಎರಡನೆಯ ಸಾಲು ಓದಿ ಪತ್ರಿಕೆಯನ್ನು ಒಲೆಗೆ ಹಾಕುತ್ತಿದ್ದ. ಐವತ್ತೈದು ವರ್ಷ ಅವನ ಹೊಟ್ಟೆಯಲ್ಲಿ ಉರಿದದ್ದು ಆ ಒಂದೇ ಸಾಲು.

ನೇಲರ್ಸ್ ರೋ ಎನ್ನುವುದು ಮೊದಲು ಒಂದು ಬೀದಿ. ಮೊಳೆ ಬಡಿಯುವವರ ಕಾಲದ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು, ಮಸಿ ಹಿಡಿದ ಇಟ್ಟಿಗೆ, ಹಿತ್ತಲಿನಲ್ಲಿ ನಾಲ್ಕು ಮನೆಗೊಂದು ಬಟ್ಟೆ ಒಗೆಯುವ ಕೋಣೆ. ಆ ಕೋಣೆಯಲ್ಲೇ ತಂಡ ಹುಟ್ಟಿದ್ದು. ಹಾಡುವವನು ರಾಲ್ಫ್ ಹಿಂಗ್ಲಿ, ಬೇಸ್ ಐವರ್, ಗಿಟಾರಿಗೂ ಡ್ರಮ್ಮಿಗೂ ಅದೇ ಬೀದಿಯ ಇನ್ನಿಬ್ಬರು. ಸೋಮವಾರ ಮಾತ್ರ ಅಭ್ಯಾಸವಿಲ್ಲ. ಅಂದು ಐವರನ ತಾಯಿಗೆ ಕೋಣೆ ಬೇಕು. ತಂಡಕ್ಕೆ ಬೀದಿಯ ಹೆಸರನ್ನೇ ಇಡೋಣ ಎಂದವನು ಐವರ್. ಹಾಡುಗಳಿಗೆ ಲಯದ ನಡೆ ಕಟ್ಟಿಕೊಟ್ಟವನೂ ಅವನೇ. ಹತ್ತೊಂಬತ್ತರ ವಯಸ್ಸಿಗೆ ಅವನ ಬೆರಳು ತಂತಿಯ ಮೇಲೆ ಅಳಿಲಿನ ಹಾಗೆ ಓಡುತ್ತಿತ್ತು. ಸುತ್ತಲಿನ ಕ್ಲಬ್ಬುಗಳಲ್ಲಿ ಜನ ಹಾಡು ಕೇಳಲು ಬಂದು ಅವನ ಕೈ ನೋಡುತ್ತ ನಿಲ್ಲುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಕೈ ಕಾಣುವ ಹಾಗೆ ಬೆಳಕಿಗೆ ಒಂದು ಹೆಜ್ಜೆ ಮುಂದೆಯೇ ನಿಲ್ಲುತ್ತಿದ್ದ.

ಸಾವಿರದ ಒಂಬೈನೂರ ಅರವತ್ತೊಂಬತ್ತರ ಬೇಸಿಗೆಯಲ್ಲಿ ಲಂಡನ್ನಿನ ಧ್ವನಿಮುದ್ರಣ ಕಂಪನಿಯೊಂದು ತಂಡವನ್ನು ಕರೆಯಿತು. ಕರೆದದ್ದು ಜುಲೈ ಮೂರನೆಯ ವಾರಕ್ಕೆ. ನಮ್ಮ ಕಡೆ ಆ ತಿಂಗಳ ಕೊನೆಗೆ ಎಲ್ಲ ಕಾರ್ಖಾನೆಗಳೂ ಒಟ್ಟಿಗೆ ಬಾಗಿಲು ಹಾಕುತ್ತಿದ್ದವು, ಎರಡು ವಾರ ಊರಿಗೆ ಊರೇ ವೇಲ್ಸ್‌ನ ಕಡಲತೀರಕ್ಕೆ ಗುಳೆ ಹೋಗುತ್ತಿತ್ತು. ಉಳಿದ ದಿನ ರಜೆ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಐವರ್ ಸರಪಳಿ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ, ಕಲಿಕೆ ಮುಗಿದು ಪೂರ್ತಿ ಕೆಲಸಗಾರನಾಗಲು ಸ್ವಲ್ಪವೇ ಬಾಕಿ. ಮೇಸ್ತ್ರಿಯನ್ನು ಕೇಳಿದ.

"ಮುಂದಿನ ಶನಿವಾರ ಬಾಗಿಲು ಹಾಕ್ತೀವಿ. ಆಮೇಲೆ ನೀನು ಲಂಡನ್ನಿಗಾದ್ರೂ ಹೋಗು, ಚಂದ್ರಲೋಕಕ್ಕಾದ್ರೂ ಹೋಗು," ಎಂದ ಮೇಸ್ತ್ರಿ. "ಅಲ್ಲಿ ತಂಕ ಆ ಕುಲುಮೆ ಮುಂದೆ ನಿನ್ನ ಮುಖ ಕಾಣ್ತಿರಬೇಕು."

ಕ್ಲಬ್ಬುಗಳಲ್ಲಿ ನುಡಿಸುವವರಿಗೆ ಒಂದು ಕಟ್ಟಳೆಯಿದೆ. ಬರಲಾಗದವನು ಬದಲಿ ಕಳಿಸಬೇಕು. ಹುಡುಕುವ ಜವಾಬ್ದಾರಿ ಅವನದೇ, ತಂಡದ್ದಲ್ಲ. ಬದಲಿ ಬಂದವನು ಜಾಗ ಕಾಯುತ್ತಾನೆ, ಹಿಡಿಯುವುದಿಲ್ಲ. ಜಾಗದವನು ಮರಳಿದೊಡನೆ ವಾದ್ಯ ಎತ್ತಿಕೊಂಡು ಹೊರಡುತ್ತಾನೆ. ಇದು ಎಲ್ಲರೂ ಆಡುವ ಮಾತು. ಯಾರೂ ಬಾಯಿಬಿಟ್ಟು ಆಡದ ಇನ್ನೊಂದಿದೆ: ನಿನಗಿಂತ ಮೇಲಿನವನನ್ನು ಕಳಿಸಬೇಡ.

ಊರಿನಲ್ಲಿ ಬೇಸ್ ನುಡಿಸುವವರು ಕೆಲವರಿದ್ದರು. ಒಬ್ಬ ನಿಜಕ್ಕೂ ಚೆನ್ನಾಗಿ ನುಡಿಸುತ್ತಿದ್ದ. ಐವರ್ ಅವನ ಮನೆಯ ಬೀದಿಗೇ ಹೋಗಲಿಲ್ಲ. ಇನ್ನೊಬ್ಬ ಸಾಧಾರಣ, ಆದರೆ ನೋಡಲು ಚೆಲುವ, ಅವನೂ ಬೇಡವಾದ. ಕೊನೆಗೆ ಅವನು ಹೋದದ್ದು ಬೆಳಗ್ಗೆ ವ್ಯಾನಿನಲ್ಲಿ ಮನೆಮನೆಗೆ ಬ್ರೆಡ್ ಹಾಕುವ ಡೆಸ್ ಬ್ಲೂಮರ್ ಹತ್ತಿರ. ಚರ್ಚಿನ ಹುಡುಗರ ಕೂಟದಲ್ಲಿ ಬೇಸ್ ಹಿಡಿಯಲು ಬೇರೆ ಯಾರೂ ಸಿಗದೆ ಅವನ ಕೊರಳಿಗೆ ಕಟ್ಟಿದ್ದರು.

"ಡೆಸ್, ಒಂದು ವಾರ ಲಂಡನ್ನಿಗೆ ಹೋಗಿ ಬರ್ತೀಯೇನೋ?"

"ಬ್ರೆಡ್ ಹಾಕೋಕಾ?"

"ಬೇಸ್ ಬಾರಿಸೋಕೆ. ನನ್ನ ಬದಲಿಗೆ."

ಡೆಸ್ ಬ್ರೆಡ್ಡಿನ ತಟ್ಟೆಯನ್ನು ವ್ಯಾನಿನ ಮೇಲಿಟ್ಟ. "ಮಾರಾಯ, ನಂಗೆ ಎರಡು ಸ್ವರ ಬರುತ್ತೆ. ಮೂರನೇದು ಹುಡುಕೋಕೆ ಟಾರ್ಚು ಬೇಕು."

"ಎರಡು ಸಾಕು. ಉಳಿದಿದ್ದು ನಾನು ಬಂದು ಸರಿ ಮಾಡ್ಕೋತೀನಿ."

ಆ ವಾರವೆಲ್ಲ ಐವರ್ ಕುಲುಮೆಯ ಮುಂದೆ ಶಿಳ್ಳೆ ಹಾಕುತ್ತ ಕೆಲಸ ಮಾಡಿದ. ಲಂಡನ್ನಿನಲ್ಲಿ ರಾಲ್ಫ್ ತಲೆ ಚಚ್ಚಿಕೊಳ್ಳುವುದು, ಐವರ್ ಎಲ್ಲಿ ಐವರ್ ಎಲ್ಲಿ ಎಂದು ಎಲ್ಲರೂ ಕೂಗಾಡುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು. ಶನಿವಾರ ಕಾರ್ಖಾನೆಯ ಸಿಳ್ಳು ಕೂಗಿದ ಮರುಗಳಿಗೆಯೇ ಬಸ್ ಹತ್ತಿದ.

ಅವನು ಹೋಗುವಷ್ಟರಲ್ಲಿ ಮುದ್ರಣ ಮುಗಿದಿತ್ತು. ಉಣ್ಣೆಯ ಅಂಗಿ ತೊಟ್ಟ ನಡುವಯಸ್ಸಿನ ಮುದ್ರಣದವನು ಎದ್ದು ಬಂದು ಕೈಕುಲುಕಿದ. "ಡೆಸ್‌ನ ಹುಡುಕಿದವನು ನೀನೇನಾ? ಕಿವಿ ಅಂದ್ರೆ ನಿಂದು ಕಣಪ್ಪ."

ಹಾಡು ಕೇಳಿಸಿದರು. ಕಾಲುವೆಯ ದೋಣಿಯವನ ಮೇಲೆ ರಾಲ್ಫ್ ಕಟ್ಟಿದ್ದ ಹಾಡು. ಬಟ್ಟೆ ಒಗೆಯುವ ಕೋಣೆಯಲ್ಲಿ ಐವರ್ ಅದರ ಅಡಿಯಲ್ಲಿ ಮೇಲೆ ಕೆಳಗೆ ಓಡಾಡಿ ಹೂಬಳ್ಳಿ ಹಬ್ಬಿಸಿದ್ದ. ಈಗ ಅಲ್ಲಿ ಎರಡೇ ಸ್ವರ. ಧಂ, ಆಮೇಲೆ ಏನೂ ಇಲ್ಲ, ಆಮೇಲೆ ಧಂ. ಆ ಏನೂ ಇಲ್ಲದ ಜಾಗದಲ್ಲಿ ರಾಲ್ಫನ ಧ್ವನಿ ನಿಂತು ಉಸಿರಾಡುತ್ತಿತ್ತು.

"ನೀನಿದ್ದಾಗ ನಿನ್ನ ಬೆರಳುಗಳ ಸಂದೀಲಿ ನುಗ್ಗಿ ಹಾಡ್ಬೇಕಿತ್ತು ಕಣೋ," ಎಂದ ರಾಲ್ಫ್, ಮುಚ್ಚುಮರೆಯಿಲ್ಲದೆ. "ಈಗ ಬೀದಿ ಖಾಲಿ. ಕೈ ಬೀಸ್ಕೊಂಡು ನಡೀತೀನಿ."

ಡೆಸ್ ಮಾತ್ರ ಕಟ್ಟಳೆಯವನು. ಗಿಟಾರನ್ನು ಆಗಲೇ ಪೆಟ್ಟಿಗೆಗೆ ಹಾಕುತ್ತಿದ್ದ. "ಬಂದ್ಯಾ? ತಗೋ ನಿನ್ನ ಜಾಗ. ವ್ಯಾನು ಕಾಯ್ತಿದೆ."

ಆಗ ಐವರ್ ಒಂದು ಮಾತು ಆಡಿದ. ಆ ಮಾತನ್ನು ಮುಂದೆ ಅವನು ಎಷ್ಟು ಸಲ ನುಂಗಿದನೋ. "ಇರಲಿ ಬಿಡು, ಅಷ್ಟು ಚೆನ್ನಾಗಿದ್ರೆ ಇನ್ನೊಂದು ವಾರ ಅವನೇ ಇರಲಿ," ಎಂದ. ಬೇಡ ಬೇಡ ಎಂದು ಮೂವರೂ ಕೈ ಹಿಡಿದು ಜಗ್ಗುತ್ತಾರೆ ಎಂದುಕೊಂಡಿದ್ದ. ಯಾರೂ ಜಗ್ಗಲಿಲ್ಲ. ಬಸ್ ಹತ್ತಿ ಅಪ್ಪ ಅಮ್ಮ ಇದ್ದ ಕಡಲತೀರಕ್ಕೆ ಹೋಗಿ, ರಜೆ ಮುಗಿಯುವವರೆಗೂ ಮಳೆಯಲ್ಲಿ ಕುಳಿತು ಸಮುದ್ರ ನೋಡಿದ. ನವೆಂಬರಿನ ಹೊತ್ತಿಗೆ ಕಾಲುವೆಯ ಹಾಡು ದೇಶದ ಪ್ರತಿ ರೇಡಿಯೋದಲ್ಲೂ ಇತ್ತು.

ತಂಡದ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ಅಮೆರಿಕ, ಜಪಾನು, ಎರಡು ಸಲ ಒಡೆದದ್ದು, ಎರಡು ಸಲ ಮತ್ತೆ ಕೂಡಿದ್ದು. ಗಿಟಾರಿನವನು ಜಗಳವಾಡಿ ಬಿಟ್ಟ, ಡ್ರಮ್ಮಿನವನು ಕುಡಿದು ಸತ್ತ, ಅವರ ಜಾಗಕ್ಕೆ ಬಂದವರೂ ಹೋದರು. ಪ್ರತಿ ಸಲ ಯಾರೋ ಬಿಟ್ಟರು ಎಂಬ ಸುದ್ದಿ ಬಂದಾಗ ಐವರ್ ದೂರವಾಣಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ. ಬೇಸಿನವನು ಬಿಟ್ಟ ಎಂಬ ಸುದ್ದಿ ಮಾತ್ರ ಬರಲೇ ಇಲ್ಲ. ಡೆಸ್ ಬಂಡೆಯಂತೆ ನಿಂತ. ಪತ್ರಿಕೆಯವರು ಕೇಳಿದಾಗಲೆಲ್ಲ ಒಂದೇ ಉತ್ತರ: "ಎಲ್ಲ ಐವರ್ ಟ್ರಾಂಟರ್ ಕೃಪೆ. ಅವನು ಕಳಿಸದೆ ಇದ್ದಿದ್ರೆ ನಾನಿನ್ನೂ ಬ್ರೆಡ್ ಹಾಕ್ತಿದ್ದೆ." ಮನಸಾರೆ ಹೇಳುತ್ತಿದ್ದ. ಅದೇ ಬೆಂಕಿಗೆ ತುಪ್ಪ.

ಐವರ್ ಸರಪಳಿ ಬೆಸೆದ. ಬೆರಿಲ್‌ಳನ್ನು ಮದುವೆಯಾದ, ಒಬ್ಬಳು ಮಗಳಾದಳು. ಕಾರ್ಖಾನೆ ಮುಚ್ಚಿದ ಮೇಲೆ, ಉಕ್ಕಿನ ಕುಲುಮೆಗಳನ್ನು ಕೆಡವಿ ಕಟ್ಟಿದ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ಸರಕು ಎತ್ತುವ ಗಾಡಿ ಓಡಿಸಿದ. ವಾರದ ಕೊನೆಗೆ ಕಾರ್ಮಿಕರ ಕ್ಲಬ್ಬಿನಲ್ಲಿ, ಬಂದುಹೋಗುವ ಹಾಡುಗಾರರ ಹಿಂದೆ ನುಡಿಸಿದ. ಹಾಡಿನ ನಡುವೆ ಬಿಂಗೋ ಆಟದ ಹೊತ್ತಾದರೆ ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಕು, ಬಟಾಣಿ ಮತ್ತು ಹಂದಿಮಾಂಸದ ಬಟ್ಟಲು ಬಂದರೆ ಮತ್ತೆ ನಿಲ್ಲಿಸಬೇಕು. ಈ ಸೀಮೆಯಲ್ಲಿ ಅವನಂಥ ಕೈ ಇನ್ನೊಂದಿರಲಿಲ್ಲ. ಎಲ್ಲರೂ ಒಪ್ಪುತ್ತಿದ್ದರು, ಒಪ್ಪಿ ಬಟಾಣಿ ತಿನ್ನುತ್ತಿದ್ದರು.

ಹಾಡು ಮಾತ್ರ ಬೆನ್ನು ಬಿಡಲಿಲ್ಲ. ಅಂಗಡಿಯಲ್ಲಿ, ಹಲ್ಲಿನ ವೈದ್ಯರಲ್ಲಿ, ಮಗಳ ಮದುವೆಯಲ್ಲಿ. ಒಮ್ಮೆ ಬೆರಿಲ್ ಬಟಾಣಿ ತರಲು ಕಳಿಸಿದಾಗ ಅಂಗಡಿಯ ಚಾವಣಿಯಿಂದ ಆ ಧಂ ಕೇಳಿ ಬರಿಗೈಯಲ್ಲಿ ಮರಳಿದ.

"ಮತ್ತೆ ಡೆಸ್ಸಾ?" ಎಂದಳು ಬೆರಿಲ್.

"ಎರಡನೇ ಚರಣದಲ್ಲಿ ಒಂದು ಏರಿಕೆ ಬೇಕು ಕಣೇ. ಅಲ್ಲಿ ಹಳ್ಳ ಬಿದ್ದ ಹಾಗಿದೆ. ಯಾರಿಗೂ ಕೇಳಿಸಲ್ವಾ?"

"ನಂಗೆ ಕೇಳಿಸ್ತಿರೋದು ಬಟಾಣಿ ಇಲ್ಲ ಅನ್ನೋದು. ವಾಪಸ್ ಹೋಗು."

ತಂಡ ಹತ್ತಿರದಲ್ಲಿ ಎಲ್ಲಿ ನುಡಿಸಿದರೂ ಡೆಸ್ ಮುಂದಿನ ಸಾಲಿನ ಟಿಕೆಟ್ ಕಳಿಸುತ್ತಿದ್ದ. ಐವರ್ ಒಂದು ಸಲವೂ ತಪ್ಪಿಸಲಿಲ್ಲ. ತಪ್ಪು ಹಿಡಿಯಲೆಂದೇ ಹೋಗುತ್ತಿದ್ದ. ಎರಡೇ ಸ್ವರದಲ್ಲಿ ಒಬ್ಬ ಮನುಷ್ಯ ಎಲ್ಲಿ ಎಂದು ತಪ್ಪಿಯಾನು? ಡ್ರಮ್ಮಿನ ಪಕ್ಕದ ಕತ್ತಲಲ್ಲಿ, ಬೆಳಕು ಮುಟ್ಟದ ಕಡೆ, ಡೆಸ್ ಬ್ರೆಡ್ ಅಂಗಡಿಯ ಸಾಲಿನಲ್ಲಿ ನಿಂತವನ ಹಾಗೆ ನಿಂತಿರುತ್ತಿದ್ದ. ಜನ ಅವನ ಹೆಸರು ಕೂಗುತ್ತಿದ್ದರು. ಐವರ್ ತೊಡೆಯ ಮೇಲೆ ಬೆರಳಾಡಿಸುತ್ತ, ಆ ಹಳ್ಳವನ್ನೆಲ್ಲ ತುಂಬುತ್ತ ಕೂರುತ್ತಿದ್ದ. ಒಂದು ಸಲ, ಒಂದೇ ಒಂದು ಸಲ, ಆ ಹಾಡಿನಲ್ಲಿ ಅವನ ಜಾಗದಲ್ಲಿ ಅವನು ನಿಲ್ಲಬೇಕು, ನಿಂತದ್ದನ್ನು ಊರು ನೋಡಬೇಕು. ಬೇರೆ ಆಸೆ ಅವನಿಗಿರಲಿಲ್ಲ.

ಹೋದ ಆಗಸ್ಟಿನಲ್ಲಿ ಡೆಸ್ ಮನೆಗೇ ಬಂದ. ತಂಡಕ್ಕೆ ಐವತ್ತೈದು ತುಂಬಿದ ಲೆಕ್ಕದಲ್ಲಿ ಹುಟ್ಟೂರಿನಲ್ಲಿ ಅಕ್ಟೋಬರಿನ ಒಂದು ಶುಕ್ರವಾರ, ಶನಿವಾರ ಎರಡು ದಿನ ಕಾರ್ಯಕ್ರಮ ಎಂದು ಊರೆಲ್ಲ ಚೀಟಿ ಅಂಟಿಸಿದ್ದರು. ಐವರ್ ಹಿತ್ತಲಿನಲ್ಲಿ ಅವರೆಕಾಯಿ ಬಳ್ಳಿಗೆ ಕೋಲು ನೆಡುತ್ತಿದ್ದ. ಡೆಸ್ ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ಶುಂಠಿಯ ಬೇರಿನ ಹಾಗೆ ಸೊಟ್ಟಗಾಗಿದ್ದವು.

"ಸಂಧಿವಾತ. ಬಾಟಲಿ ಮುಚ್ಚಳ ತೆಗೆಯೋಕಾಗಲ್ಲ. ನನಗೆ ಬದಲಿ ಬೇಕು ಐವರ್."

ಐವರ್ ಕೋಲನ್ನು ನಿಧಾನವಾಗಿ ಮಣ್ಣಿಗೆ ಒತ್ತಿದ. ಆ ಗಳಿಗೆಯನ್ನು ಸವಿಯುತ್ತಿದ್ದ. "ಬೇರೆ ಯಾರೂ ಸಿಗಲಿಲ್ವಾ?"

"ಸಿಕ್ಕಿದ್ದ. ಲಂಡನ್ ಹುಡುಗ. ಎಲ್ಲ ಹಾಡೂ ಬಾಯಿಪಾಠ. ನನಗಿಂತ ಚೆನ್ನಾಗಿ ಬಾರಿಸ್ತಾನೆ."

"ಮತ್ತೇನು ಕಷ್ಟ?"

"ಅದೇ ಕಷ್ಟ."

ಡೆಸ್ ನಕ್ಕ. "ನನ್ನ ಯಾಕೆ ಕಳಿಸ್ದೆ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೋ. ಡಡ್ಲಿ ಊರಿಗೇ ಕೆಟ್ಟ ಬೇಸಿನವನು ನಾನು. ಬೇಜಾರೇನಿಲ್ಲ. ಆದ್ರೆ ಆ ಪಾಠ ನೀನೇ ಕಲಿಸಿದ್ದು."

"ಅಂದ್ರೆ ಈಗ ಊರಿಗೇ ಕೆಟ್ಟವನು ನಾನಾ?"

"ನಿಂದು ಸ್ವರ ಜಾಸ್ತಿ ಆಗುತ್ತೆ ಅಷ್ಟೆ. ಎಪ್ಪತ್ತೈದಾಯ್ತಲ್ಲ, ನಿನ್ನನ್ನ ಯಾರೂ ಖಾಯಂ ಇಟ್ಕೊಳ್ಳಲ್ಲ. ಬರ್ತೀಯೋ ಇಲ್ವೋ?"

ಬೇರೆ ಯಾರಾದರೂ ಆಗಿದ್ದರೆ ಆ ಕೋಲಿನಲ್ಲೇ ಡೆಸ್‌ಗೆ ಬಾರಿಸುತ್ತಿದ್ದರು. ಐವರ್ ಒಳಗೆ ಹೋಗಿ ಕೈ ತೊಳೆದುಕೊಂಡ. ಬೆರಿಲ್ ಮುಖ ನೋಡಿಯೇ, "ಒಪ್ಕೊಂಡ್ಯಾ?" ಎಂದಳು. ಒಪ್ಪಿಕೊಂಡಿದ್ದ.

ಅಭ್ಯಾಸ ಶುರುವಾದ ಮೇಲೆ ಅವನಿಗೆ ಹೊಸದೊಂದು ಸಂಕಟ ಹತ್ತಿತು. ರಾಲ್ಫ್ ಈಗ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಎತ್ತರದ ಕುರ್ಚಿಯಲ್ಲಿ ಕುಳಿತೇ ಹಾಡುವವನು. ಕುಳಿತಲ್ಲಿಂದಲೇ ತಿರುಗಿ ನೋಡುತ್ತಿದ್ದ.

"ಕಡಿಮೆ ಮಾಡೋ, ಐವರ್."

"ಎಷ್ಟು ಕಡಿಮೆ?"

"ಡೆಸ್‌ನಷ್ಟು."

ಮನೆಗೆ ಬಂದು ಎರಡು ಸ್ವರ ಹಿಡಿದು ಕೂತ. ಒಂದು ಧಂ ಬಾರಿಸುತ್ತಿದ್ದ. ಇನ್ನೊಂದು ಬರುವವರೆಗೆ ಸುಮ್ಮನಿರಬೇಕು, ಬೆರಳು ಸುಮ್ಮನಿರದು. ಒಂದು ಚಿಕ್ಕ ಜಾರು, ಒಂದು ಮರಿ ಸ್ವರ, ತಾನಾಗಿಯೇ ಉದುರಿಬಿಡುತ್ತಿತ್ತು. ಅಡುಗೆಮನೆಯಿಂದ ಬೆರಿಲ್ ಕೂಗುತ್ತಿದ್ದಳು, "ಬಿತ್ತು! ಈಗೊಂದು ಬಿತ್ತು!" ಬ್ರೆಡ್ ಹಾಕುವವನಿಗೆ ಕಲಿಯದೆ ಬಂದದ್ದು ತನಗೆ ಕಲಿತರೂ ಬರುತ್ತಿಲ್ಲ ಎಂಬುದು ಅವನಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಡೆಸ್‌ನ ಹೆಸರಿಗೆ, ಜಪಾನಿಗೆ, ಚಪ್ಪಾಳೆಗೆ ಹೊಟ್ಟೆ ಉರಿದುಕೊಂಡಿದ್ದ. ಈಗ ಅವನ ಸುಮ್ಮನಿರುವಿಕೆಗೂ ಉರಿಯತೊಡಗಿತು. ಆ ಉರಿಯಲ್ಲೇ ದಿನವಿಡೀ ಕೂತು ಕಲಿತ. ಕಾರ್ಯಕ್ರಮದ ಶುಕ್ರವಾರದ ಹೊತ್ತಿಗೆ ಬೆರಿಲ್ ಕೂಗುವುದನ್ನು ನಿಲ್ಲಿಸಿದ್ದಳು.

ಸಭಾಂಗಣ ಕಿಕ್ಕಿರಿದಿತ್ತು. ಯಾರು ಎಲ್ಲಿ ನಿಲ್ಲಬೇಕೆಂದು ವೇದಿಕೆಯ ಹಲಗೆಯ ಮೇಲೆ ಹಳದಿ ಅಂಟುಪಟ್ಟಿಯಲ್ಲಿ ಗುರುತು ಹಾಕಿರುತ್ತಾರೆ. ದೀಪದವರು ಆ ಗುರುತು ನೋಡಿಯೇ ಬೆಳಕು ಕೂರಿಸುವುದು. ಬೇಸಿನ ಗುರುತು ಡ್ರಮ್ಮಿನ ಪಕ್ಕದಲ್ಲಿ, ಹಿಂದೆ, ಡೆಸ್ ಸದಾ ನಿಲ್ಲುವಲ್ಲಿ. ಐವರ್ ಅಲ್ಲೇ ನಿಂತ. ಡೆಸ್ ಪರದೆಯ ಮರೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಬದಲಿಯ ವಿಷಯ ರಾಲ್ಫ್ ಮೊದಲಿಗೇ ಹೇಳಬೇಕಿತ್ತು, ಜನರ ಕೂಗಿನಲ್ಲಿ ಮರೆತ.

ಕಾಲುವೆಯ ಹಾಡಿಗೆ ಬಂದರು. ಐವರ್ ಮೊದಲ ಧಂ ಹಾಕಿದ. ಇಡೀ ಸಭಾಂಗಣ ಎದ್ದು ನಿಂತಿತು.

"ಡೆಸ್! ಡೆಸ್! ಡೆಸ್!"

ಎರಡನೆಯ ಚರಣದ ಹಳ್ಳ ಬಂತು. ಐವತ್ತೈದು ವರ್ಷದಿಂದ ಅವನಲ್ಲಿ ಅದಕ್ಕೊಂದು ಏರಿಕೆ ಸಿದ್ಧವಾಗಿತ್ತು. ಬೆರಳು ಎದ್ದಿತು. ರಾಲ್ಫ್ ಬಾಯಿ ತೆರೆದು ಉಸಿರೆಳೆದುಕೊಳ್ಳುವುದು ಹಿಂದಿನಿಂದ ಕಾಣಿಸಿತು, ಆ ಉಸಿರಿಗೆ ಅಷ್ಟೂ ಜಾಗ ಬೇಕಿತ್ತು. ಐವರ್ ಬೆರಳು ಇಳಿಸಿದ. ಕೊನೆಯವರೆಗೂ ಒಂದು ಸ್ವರ ಹೆಚ್ಚಾಗಲಿಲ್ಲ.

ಪರದೆಯ ಮರೆಗೆ ಬಂದಾಗ ಡೆಸ್‌ನ ಕಣ್ಣು ಒದ್ದೆಯಾಗಿತ್ತು. "ನಾನೇ ಬಾರಿಸಿದ ಹಾಗಿತ್ತು ಕಣೋ," ಎಂದ.

"ಬಾಯ್ಮುಚ್ಚು," ಎಂದ ಐವರ್.

ಬೆಳಗ್ಗೆ ಪತ್ರಿಕೆ ಬಂತು. ಬೆರಿಲ್ ಚಹಾ ಸುರಿಯುತ್ತ ಗಟ್ಟಿಯಾಗಿ ಓದಿದಳು. ರಾಲ್ಫನ ಧ್ವನಿ ಮಾಗಿದೆ ಎಂದಿತ್ತು, ಹೊಸ ಗಿಟಾರಿನವನು ಪರವಾಗಿಲ್ಲ ಎಂದಿತ್ತು. ಅವಳ ಓದು ಅಲ್ಲಿಗೆ ನಿಂತಿತು.

"ಮುಂದೆ ಓದು."

"ಏನಿಲ್ಲ ಬಿಡು."

ಅವನು ಪತ್ರಿಕೆ ಕಿತ್ತುಕೊಂಡ. 'ಕತ್ತಲಲ್ಲಿ ನಿಂತ ಡೆಸ್ ಬ್ಲೂಮರ್ ಎಂದಿನಂತೆ ತಂಡದ ಬೆನ್ನೆಲುಬು. ಅವರ ಕೈಗೆ ವಯಸ್ಸಾಗಿಲ್ಲ.'

ಬೆರಿಲ್‌ಗೆ ನಗು ಬಂತು, ತಡೆಯಲು ಚಹಾ ಕುಡಿದಳು, ಚಹಾ ಮೂಗಿಗೆ ಹತ್ತಿತು. ಅವನ ಮುಖ ನೋಡಿ ಬಟ್ಟೆ ತಂದು ಮೇಜು ಒರೆಸಿದಳು. ದೂರವಾಣಿ ಬಡಿದುಕೊಂಡಿತು. ಡೆಸ್ ಅತ್ತ ಕಡೆ ಬಿದ್ದು ಬಿದ್ದು ನಗುತ್ತಿದ್ದ. "ನೋಡಿದ್ಯೇನೋ? ನನ್ನ ಕೈಗೆ ವಯಸ್ಸಾಗಿಲ್ವಂತೆ!"

ಐವರ್ ಫೋನ್ ಇಟ್ಟ. ಎದೆ ಹಿಡಿದ ಹಾಗಿದೆ ಎಂದು ಬೆರಿಲ್‌ಗೆ ಹೇಳಿದ. ಹುಳಿತೇಗು ಇರಬೇಕು ಎಂದೂ ತಾನೇ ಹೇಳಿದ.

"ಇವತ್ತು ಬೇಡ ಮಹರಾಯ. ಆ ಲಂಡನ್ ಹುಡುಗನ್ನ ಕರೀಲಿ. ಬದಲಿಗೆ ಬದಲಿ."

"ನಾನು ಬದಲಿ ಕಳಿಸಲ್ಲ," ಎಂದ ಐವರ್. ಬೂಟು ಹಾಕಿಕೊಂಡ.

ಸಭಾಂಗಣಕ್ಕೆ ಬಂದಾಗ ಇನ್ನೂ ಮಧ್ಯಾಹ್ನ. ತಂಡದವರು ಯಾರೂ ಬಂದಿರಲಿಲ್ಲ. ವೇದಿಕೆಯ ಕೆಲಸದವಳು ಅಂಚಿನಲ್ಲಿ ಕಾಲು ಇಳಿಬಿಟ್ಟು, ಕಾಗದದ ಪೊಟ್ಟಣದಿಂದ ಆಲೂಗಡ್ಡೆ ಕರಿದದ್ದನ್ನು ತಿನ್ನುತ್ತಿದ್ದಳು. ಐವರ್ ತನ್ನ ಗಿಟಾರನ್ನು ಒರಗಿಸಿಟ್ಟ. ಡ್ರಮ್ಮಿನ ಪಕ್ಕಕ್ಕೆ ಹೋಗಿ, ಮಂಡಿ ಹಿಡಿದುಕೊಂಡು ಬಗ್ಗಿ, ಹಲಗೆಯಿಂದ ಹಳದಿ ಪಟ್ಟಿಯನ್ನು ಉಗುರಿನಿಂದ ಎಬ್ಬಿಸತೊಡಗಿದ.

"ಅಜ್ಜಾ, ಅದು ಬೇಸಿನವರ ಗುರುತು," ಎಂದಳು ಅವಳು. "ಬ್ಲೂಮರ್ ಅವರು ಅಲ್ಲೇ ನಿಲ್ಲೋದು."

"ಬ್ಲೂಮರ್ ಅವರು ನಿಲ್ತಾರೆ, ಹೌದು."

"ದೀಪದವರು ಬೈತಾರೆ."

"ಬೈಯಲಿ. ಅವರಿಗೆ ಹೇಳು, ಬೆಳಕು ಈ ಪಟ್ಟಿ ಹೋದ ಕಡೆಗೆ ಬೀಳಬೇಕು."

ಪಟ್ಟಿ ಹರಿಯದೆ ಎದ್ದು ಬಂತು. ಅದನ್ನು ಎರಡು ಬೆರಳಲ್ಲಿ ಹಿಡಿದು ಅವನು ವೇದಿಕೆಯ ಮುಂದಕ್ಕೆ ನಡೆದ, ರಾಲ್ಫನ ಕುರ್ಚಿಯ ಸಾಲಿಗೆ ಬಂದ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ. ಅಲ್ಲಿ ಬಗ್ಗಿ ಪಟ್ಟಿಯನ್ನು ಹಲಗೆಗೆ ಅಂಟಿಸಿ, ಏಳದ ಹಾಗೆ ಬೂಟಿನಿಂದ ಒತ್ತಿ ತಿಕ್ಕಿದ.